ಮೊದಲು ಇಳಿಯುವವರಿಗೆ ಮೊದಲು

೨೦೦೩ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ತರಗತಿಯ ಪರೀಕ್ಷೆಗೆ ಇನ್ನೂ ಕೆಲವು ವಾರ ಇದ್ದವು. ಬಡತನದಿಂದ ಬಿಟ್ಟೆ ಎಂದರೆ ಕೇಳಿದವರು ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಆ ಪಾಪ ಬೇಡ. ಕೂತು ಪಾಠ ಕೇಳುವುದು ನನ್ನಿಂದ ಆಗುತ್ತಿರಲಿಲ್ಲ, ಯಾವುದನ್ನಾದರೂ ಬಿಚ್ಚಿ ನೋಡುವುದು ಆಗುತ್ತಿತ್ತು. ಹೊನ್ನಾಳಿಯಲ್ಲಿ ಟಿ.ವಿ., ಟೇಪ್‌ರೆಕಾರ್ಡರ್ ರಿಪೇರಿ ಮಾಡುವ ಅಂಗಡಿಗೆ ಕೆಲಸ ಕಲಿಯಲು ಸೇರಿದೆ. ನಮ್ಮೂರು ನ್ಯಾಮತಿಯಿಂದ ಅಲ್ಲಿಗೆ ದಿನಾ, ಶಿವಮೊಗ್ಗ-ಹೊನ್ನಾಳಿ ನಡುವೆ ಓಡುವ ಖಾಸಗಿ ಬಸ್ಸು. ಆ ಬಸ್ಸಿನ ಕಂಡಕ್ಟರ್ ಬಗ್ಗೆ ಈಗ ಬರೆಯುತ್ತಿದ್ದೇನೆ. ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು.

ಹೆಸರು ಬರೆಯುವುದಿಲ್ಲ. ಬದುಕಿದ್ದಾಗಲೂ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವರು ಕಂಡಕ್ಟರಣ್ಣ. ಅವರೂ ಯಾರನ್ನೂ ಹೆಸರಿನಿಂದ ಕರೆದವರಲ್ಲ. ಯಾರು ಎಲ್ಲಿ ಇಳಿಯುತ್ತಾರೋ ಆ ಊರೇ ಅವರ ಹೆಸರು.

"ಏಯ್ ಸುರಹೊನ್ನೆ, ಕಾಲು ಒಳಗೆ ತಗೊಳ್ರಿ."

"ಸವಳಂಗ, ಕೋಳಿ ಸೀಟಿನ ಕೆಳಗೆ ಇಡವ್ವ. ಅದಕ್ಕೂ ಸೀಟು ಕೊಡಾಕೆ ನಮ್ಮ ಓನರ್ ಒಪ್ಪಲ್ಲ."

ನನಗೆ ಮಾತ್ರ ಊರಿನ ಹೆಸರು ಸಿಗಲಿಲ್ಲ. ಶಾಲೆ ಬಿಟ್ಟು ಕೆಲಸಕ್ಕೆ ಹೊರಟಿದ್ದೇನೆಂದು ಮೊದಲ ದಿನವೇ ಬಾಯಿ ಬಿಟ್ಟಿದ್ದೆ. ಅಂದಿನಿಂದ ನಾನು ಎಂಟನೇ ಕ್ಲಾಸು. "ಏನಲೇ ಎಂಟನೇ ಕ್ಲಾಸು, ಇವತ್ತು ಯಾರ ರೇಡಿಯೋ ಸಾಯಿಸಾಕೆ ಹೊಂಟೀಯ?" ಬಸ್ಸೆಲ್ಲ ನಗುತ್ತಿತ್ತು. ನನಗೆ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ನ್ಯಾಮತಿಯಲ್ಲಿ ನನ್ನದೇ ಅಂಗಡಿ ಹಾಕಿ, ಬೋರ್ಡು ಬರೆಸಿ, ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಆ ಹೆಸರು ಹೋಗಲಿಲ್ಲ.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಸಂತೆಯ ದಿನ ಬಸ್ಸಿನೊಳಗೆ ಕೈ ಆಡಿಸಲು ಜಾಗ ಇರುತ್ತಿರಲಿಲ್ಲ. ಬೇರೆ ಕಂಡಕ್ಟರಾದರೆ ಬಾಗಿಲಿಂದ ಶುರು ಮಾಡಿ ಎದುರಿಗೆ ಸಿಕ್ಕವರಿಗೆಲ್ಲ ಟಿಕೆಟ್ ಹರಿಯುತ್ತ ಹೋಗುತ್ತಾರೆ. ಇವರು ಒಂದು ಸಲ ಎಲ್ಲರ ಮುಖ ನೋಡಿ, ಮೊದಲು ಯಾರು ಇಳಿಯುತ್ತಾರೋ ಅವರ ಹತ್ತಿರ ನುಗ್ಗುತ್ತಿದ್ದರು. ಒಮ್ಮೆ ಅಡಿಕೆ ವ್ಯಾಪಾರದ ಸಾಹುಕಾರರೊಬ್ಬರು ಇವರ ಮೂಗಿನ ಮುಂದೆಯೇ ನೋಟು ಹಿಡಿದು ನಿಂತಿದ್ದರು. ಇವರು ಅವರನ್ನು ದಾಟಿ ಹಿಂದಿನ ಸೀಟಿನ ಅಜ್ಜಿಯ ಕಡೆಗೆ ಕೈ ಚಾಚಿದರು.

"ಏನಪ್ಪ, ನಾನು ಕಣ್ಣಿಗೆ ಕಾಣಲ್ವ?"

"ಕಾಣ್ತೀರಿ ಸಾಹುಕಾರ್ರೇ. ನೀವು ಶಿವಮೊಗ್ಗದ ತನಕ ಕಾಣ್ತಾನೇ ಇರ್ತೀರಿ. ಈ ಅಜ್ಜಿ ಮುಂದಿನ ಕೆರೆ ಏರಿ ಹತ್ರ ಇಳೀತಾಳೆ."

ಇನ್ನೊಂದು ಅಭ್ಯಾಸ: ಬಸ್ಸಿನಲ್ಲಿ ಅವರು ಎಂದೂ ಕೂರುತ್ತಿರಲಿಲ್ಲ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಸೀಟೆಲ್ಲ ಖಾಲಿ ಹೊಡೆಯುತ್ತಿದ್ದರೂ ಬಾಗಿಲ ಕಂಬಕ್ಕೆ ಒರಗಿ ನಿಂತಿರುತ್ತಿದ್ದರು. ಕೂತರೆ ಮುಖಗಳು ಕಾಣುವುದಿಲ್ಲ ಎನ್ನುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಅವರ ಕೈ ಸೋಲತೊಡಗಿತು. ಮೊದಲು ಚಿಲ್ಲರೆ ಬಿತ್ತು. ಕೈಯಿಂದ ನಾಣ್ಯಗಳು ಜಾರಿ ಸೀಟಿನ ಕೆಳಗೆ ಉರುಳುತ್ತಿದ್ದವು, ಜನ ಹೆಕ್ಕಿ ಕೊಡುತ್ತಿದ್ದರು. ಆಮೇಲೆ ಟಿಕೆಟ್ ಹರಿಯಲು ಎರಡೆರಡು ಸಲ ಎಳೆಯಬೇಕಾಯಿತು. ಬಸ್ಸಿನ ಓನರ್ ಒಳ್ಳೆಯ ಮಾತಿನಲ್ಲೇ ಕೆಲಸದಿಂದ ಇಳಿಸಿದರು. ಶಿವಮೊಗ್ಗದ ಆಸ್ಪತ್ರೆಗೆ ತೋರಿಸಿಕೊಂಡು ಬಂದ ದಿನ ನೇರವಾಗಿ ಬಸ್ ನಿಲ್ದಾಣದ ಎದುರಿಗಿದ್ದ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನರದ ಕಾಯಿಲೆ ಅಂತೆ ಕಣಲೇ. ಮೊದ್ಲು ಬೆರಳು, ಆಮೇಲೆ ತೋಳು, ಆಮೇಲೆ ಕಾಲು. ಕೊನೇ ಸ್ಟಾಪು ಉಸಿರು. ಔಷಧ ಇಲ್ಲ ಅಂದ್ರು. ರೂಟು ಹೇಳಿದ್ರು, ಟೈಮಿಂಗ್ ಹೇಳಲಿಲ್ಲ."

ನಾನು ಚಹಾ ತರಿಸಿದೆ. ಲೋಟ ಹಿಡಿಯಲು ಅವರಿಗೆ ಎರಡು ಕೈ ಬೇಕಾದವು.

ಅವರಿಗೆ ಮದುವೆಯಾಗಿರಲಿಲ್ಲ. ಅವರಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವರು, ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಿದ್ದರು. ಮನೆಯಲ್ಲಿ ಬೆಳಗಿನಿಂದ ರೊಟ್ಟಿ ಬಡಿಯುವ ಸದ್ದು. ಇವರು ಆ ಸದ್ದು ತಪ್ಪಿಸಿಕೊಂಡು ಅಂಗಡಿಗೆ ಬರುತ್ತಿದ್ದರು. ಒಂದು ದಿನ ನನ್ನ ಮೇಜಿನ ಮೇಲೆ ರಿಪೇರಿಗೆ ಬಂದಿದ್ದ ಗೇಮ್ ಕಂಟ್ರೋಲರ್ ಇತ್ತು, ಟಿ.ವಿ.ಯಲ್ಲಿ ಆಟ ಆಡುವಾಗ ಎರಡೂ ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ. ಎತ್ತಿಕೊಂಡರು.

"ಇದೇನಲೇ, ಏಡಿ ಇದ್ದಂಗೈತೆ."

ಅದು ಅವರ ಕೈಯೊಳಗೆ ತಾನಾಗಿಯೇ ಕೂತಿತು. ಲೋಟದ ಹಾಗೆ ಬಿಗಿ ಹಿಡಿಯಬೇಕಿಲ್ಲ, ತೊಡೆಯ ಮೇಲೆ ಇಟ್ಟು ಹೆಬ್ಬೆರಳು ಆಡಿಸಿದರೆ ಸಾಕು. ಆ ಮಧ್ಯಾಹ್ನವೆಲ್ಲ ಅದನ್ನು ಕೆಳಗಿಡಲಿಲ್ಲ. ಸುಮ್ಮನೆ ಗುಂಡಿ ಒತ್ತುತ್ತ ಕೂತಿದ್ದರು. ನನ್ನ ಹತ್ತಿರ ಯಾರೋ ಮಾರಿಹೋದ ಹಳೆಯ ಆಟದ ಪೆಟ್ಟಿಗೆ ಇತ್ತು. ಒಂದು ಟಿ.ವಿ. ಜೊತೆಗೆ ಅವರ ಮನೆಗೆ ಹೊತ್ತುಕೊಂಡು ಹೋದೆ.

"ದಾನ ಮಾಡಾಕೆ ಬಂದೀಯೇನು?"

"ದಾನ ಅಲ್ಲಣ್ಣ, ಟೆಸ್ಟಿಂಗು. ಎಷ್ಟು ದಿನಕ್ಕೆ ಕೆಡುತ್ತೆ ನೋಡಿ ಹೇಳು."

ಅವರು ಹಿಡಿದ ಆಟದ ಬಗ್ಗೆ ಎರಡು ಮಾತು ಹೇಳಬೇಕು. ಅದೊಂದು ದೊಡ್ಡ ಲೋಕ. ಇಂಟರ್ನೆಟ್ಟಿನ ಮೂಲಕ ಎಲ್ಲೆಲ್ಲಿಯ ಜನವೋ ಒಂದೇ ಹೊತ್ತಿಗೆ ಅದರೊಳಗೆ ಓಡಾಡುತ್ತಾರೆ. ಪ್ರತಿಯೊಬ್ಬರಿಗೂ ಒಂದು ವೇಷ. ಒಬ್ಬ ಗುರಾಣಿ ಹಿಡಿದು ಮುಂದೆ ನಿಲ್ಲುತ್ತಾನೆ, ಒಬ್ಬ ಬಾಣ ಬಿಡುತ್ತಾನೆ. ಐದೈದು ಜನ ಗುಂಪು ಕಟ್ಟಿಕೊಂಡು ರಾಕ್ಷಸರ ಮೇಲೆ ಹೋಗುತ್ತಾರೆ. ಗುಂಪಿನಲ್ಲಿ ಒಬ್ಬ ಹೀಲರ್ ಇರುತ್ತಾನೆ, ಅಂದರೆ ಗಾಯ ಮಾಯಿಸುವವನು. ಅವನು ಯಾರನ್ನೂ ಹೊಡೆಯುವುದಿಲ್ಲ. ಉಳಿದವರ ತಲೆಯ ಮೇಲಿನ ಹಸಿರು ಪಟ್ಟಿ, ಅಂದರೆ ಅವರ ಜೀವ, ಕಡಿಮೆಯಾದಂತೆ ತುಂಬಿಸುತ್ತಿರುವುದೇ ಅವನ ಕೆಲಸ. ಕಂಡಕ್ಟರಣ್ಣ ಯಾರನ್ನೂ ಕೇಳದೆಯೇ ಹೀಲರ್ ವೇಷ ಆರಿಸಿದರು.

ಮೈಕಿನಲ್ಲಿ ಮಾತಾಡುತ್ತ ಆಡುವ ಆಟ. ಒಂದು ಸಂಜೆ ಇವರು ಸಿಟ್ಟಿನಲ್ಲಿ ನಮ್ಮ ಕಡೆಯ ಬೈಗುಳವೊಂದನ್ನು ಬಿಟ್ಟರು. ಆ ಕಡೆಯಿಂದ ಯಾರೋ ನಕ್ಕರು. "ಅಣ್ಣಾ, ಯಾವ ಕಡೆಯೋರು? ಬೈಗುಳ ನಮ್ಮನೇದಿದ್ದಂಗೈತಲ್ಲ." ಜಗಳೂರು ತಾಲ್ಲೂಕಿನ ಸೊಕ್ಕೆಯ ಹುಡುಗ, ಬಿ.ಕಾಂ. ಮುಗಿಸಿ ಊರಲ್ಲೇ ಇದ್ದವನು. ಅವನ ಮೂಲಕ ಚನ್ನಗಿರಿ ಕಡೆಯ ಸೂಳೆಕೆರೆಯಲ್ಲಿ ಮೀನು ವ್ಯಾಪಾರ ಮಾಡುವವನೊಬ್ಬ ಪರಿಚಯವಾದ. ಅವನೇ ಗುಂಪಿನ ಮುಂದಾಳು. ಇನ್ನಿಬ್ಬರು ದಾವಣಗೆರೆಯ ಅಣ್ಣತಮ್ಮಂದಿರು, ಮಾತು ಕಡಿಮೆ. ಇವರು ಎಂದಿನಂತೆ ಎಲ್ಲರಿಗೂ ಊರಿನ ಹೆಸರಿಟ್ಟರು. ಯಾರದಾದರೂ ಜೀವದ ಪಟ್ಟಿ ಇಳಿಯುತ್ತಿದ್ದರೆ ಹಳೆಯ ದನಿಯಲ್ಲೇ ಕೂಗುತ್ತಿದ್ದರು: "ಸೊಕ್ಕೆ, ಸೊಕ್ಕೆ, ಸ್ಟಾಪು ಬಂತು ನೋಡ್ಕಳಪ್ಪ, ಹಿಂದೆ ಸರಿ." ಬಸ್ಸಿನಿಂದ ಇಳಿದ ಮೇಲೆ ಅವರ ಗಂಟಲಿಗೆ ಕೆಲಸ ಸಿಕ್ಕಿದ್ದು ಅಲ್ಲಿಯೇ.

ಆದರೆ ಸೊಕ್ಕೆ ಸಾಯುತ್ತಿದ್ದ. ಸೂಳೆಕೆರೆಯೂ ಸಾಯುತ್ತಿದ್ದ. ಎಲ್ಲರೂ ಸೇರಿ ತಿಂಗಳುಗಟ್ಟಲೆ ಒಂದೇ ಗುಹೆಯ ಸರ್ಪದ ಮುಂದೆ ಸೋಲುತ್ತಿದ್ದರು. ಒಂದು ಸಂಜೆ ನಾನು ಅಲ್ಲೇ ಕೂತಿದ್ದಾಗ ಸೂಳೆಕೆರೆಯವನು ಮೈಕಿನಲ್ಲಿ ಹೇಳಿದ: "ಅಣ್ಣ, ಬೇಜಾರು ಮಾಡ್ಕಬೇಡ್ರಿ. ಬೀಳಾಕೆ ಹತ್ತಿರೋನು ಒಬ್ಬ, ನೀವು ಜೀವ ತುಂಬೋದು ಇನ್ನೊಬ್ಬನಿಗೆ. ದೀಪಾವಳಿ ಕಳೀಲಿ. ಅಷ್ಟರಾಗೆ ಸರಿಹೋಗದಿದ್ರೆ ಬೇರೆ ಹೀಲರ್ ನೋಡ್ತೀವಿ. ನೀವು ಸುಮ್ನೆ ಬಂದು ಕೂತು ನೋಡ್ರಿ."

"ಕೂತು ನೋಡಾಕೆ ನಮ್ಮನೇಲಿ ಗೋಡೆ ಐತೆ," ಎಂದರು ಇವರು.

ಅವರಿಗೆ ಉಳಿದಿದ್ದ ಕೆಲಸ ಅದೊಂದೇ, ಅದೂ ಹೋಗುವುದರಲ್ಲಿತ್ತು. ಒಂದು ಸಲ ಬಸ್ಸಿನಿಂದ ಇಳಿಸಿದವರನ್ನು ಇನ್ನೊಂದು ಸಲ ಇಳಿಸುತ್ತಿದ್ದರು. ಅಕ್ಕ ಒಳಗಿನಿಂದ, "ಏನಂತೆ?" ಎಂದರು. "ಏನಿಲ್ಲ, ನೀನು ರೊಟ್ಟಿ ಬಡಿ," ಎಂದರು ಇವರು.

ಮಾರನೆಯ ದಿನ ನಾನು ಅಂಗಡಿಗೆ ಅರ್ಧ ಬಾಗಿಲು ಹಾಕಿ ಅವರ ಪಕ್ಕ ಕೂತು ನೋಡಿದೆ. ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ಕಂಪ್ಯೂಟರಿನ ಮೌಸಿನಲ್ಲಿ ಆಡುವವನು ಯಾರು ಬೇಕೋ ಅವರ ಮೇಲೆ ನೇರವಾಗಿ ಪರದೆಯ ಬಾಣದ ಗುರುತು ಇಡುತ್ತಾನೆ. ಕಂಟ್ರೋಲರಿನಲ್ಲಿ ಹಾಗಿಲ್ಲ. ಗುಂಡಿ ಒತ್ತಿದರೆ ಆಟವೇ ಒಬ್ಬರನ್ನು ಆರಿಸಿ ಕಾಲಡಿಯಲ್ಲಿ ಹಳದಿ ಬಳೆ ಮೂಡಿಸುತ್ತದೆ. ಇನ್ನೊಮ್ಮೆ ಒತ್ತಿದರೆ ಬಳೆ ಪಕ್ಕದವನಿಗೆ ಹಾರುತ್ತದೆ. ಆಟ ಯಾವಾಗಲೂ ಹತ್ತಿರ ನಿಂತವನಿಂದ ಶುರು ಮಾಡುತ್ತಿತ್ತು. ದೂರದಲ್ಲಿ ಸೊಕ್ಕೆ ಸಾಯುತ್ತಿದ್ದರೂ ಬಳೆ ಪಕ್ಕದಲ್ಲಿ ಗಟ್ಟಿಯಾಗಿ ನಿಂತಿದ್ದವನ ಕಾಲಿಗೆ ಬೀಳುತ್ತಿತ್ತು. ಅಲ್ಲಿಂದ ಸೊಕ್ಕೆಯ ತನಕ ಒತ್ತಿಕೊಂಡು ಹೋಗಲು ಇವರ ಹೆಬ್ಬೆರಳಿಗೆ ಬಲವಿರಲಿಲ್ಲ. ಹೋಗುವಷ್ಟರಲ್ಲಿ ಜನ ಓಡಾಡಿ ಸಾಲೇ ಬದಲಾಗಿರುತ್ತಿತ್ತು.

ನನ್ನ ಕೈಲಿ ಆಗುವುದನ್ನು ನಾನು ಮಾಡಿದೆ. ಗುಂಡಿಗಳ ಒಳಗಿನ ರಬ್ಬರನ್ನು ತೆಳ್ಳಗೆ ಕೆತ್ತಿ ಮೆತ್ತಗೆ ಮಾಡಿದೆ. ಆರಿಸುವ ಗುಂಡಿಯ ತಂತಿಯನ್ನು ಕಿತ್ತು ಬಲ ಹೆಬ್ಬೆರಳಿನ ಕೆಳಗೆ ತಂದೆ. ಕೈ ಜಾರದಂತೆ ಮರದ ತುಂಡಿನಿಂದ ಒರಗು ಮಾಡಿ ಕೂರಿಸಿದೆ. ಒತ್ತುವುದು ಸುಲಭವಾಯಿತು. ಬಳೆ ಮಾತ್ರ ಹತ್ತಿರದವನಿಗೇ ಬೀಳುತ್ತಿತ್ತು. ಅದು ಆಟ ಬರೆದವರ ಕೈಯಲ್ಲಿತ್ತು.

"ಇದನ್ನ ಬರೆದೋನು ಬಾಗಿಲಿಂದ ಟಿಕೆಟ್ ಹರಿಯೋ ಕಂಡಕ್ಟರ್," ಎಂದರು ಅಣ್ಣ. "ಅವನಿಗೆ ಹೇಳಾಕೆ ಆಗಲ್ವೇನಲೇ?"

ಹೇಳಬಹುದಿತ್ತು. ಆಟದವರ ಜಾಲತಾಣದಲ್ಲಿ ಆಡುವವರು ಸಲಹೆ ಹಾಕುವ ಜಾಗವೊಂದಿದೆ. ಬರೆದರೆ ಯಾರೂ ಓದುವುದಿಲ್ಲ, ವಿಡಿಯೋ ಮಾಡೋಣ ಎಂದ ಸೊಕ್ಕೆ. ಅಕ್ಕ ರೊಟ್ಟಿ ಬಡಿಯುವ ಮರದ ಕೊಣಮಿಗೆಯ ಹಿಟ್ಟು ಕೊಡವಿ, ಅದರಲ್ಲಿ ಐದು ಸ್ಟೀಲ್ ಲೋಟ ಇಟ್ಟೆವು. ನಾನು ಫೋನು ಹಿಡಿದೆ. ಅಣ್ಣ ಬಗ್ಗದ ಬೆರಳಿನಿಂದ ಒಂದೊಂದೇ ಲೋಟವನ್ನು ತಳ್ಳುತ್ತ ಕನ್ನಡದಲ್ಲೇ ಹೇಳಿದರು. ಸೊಕ್ಕೆ ಅದನ್ನು ಇಂಗ್ಲಿಷಿಗೆ ಮಾಡಿ ಕೆಳಗೆ ಅಕ್ಷರ ಓಡಿಸಿದ.

ಅವರು ಕೇಳಿದ್ದು ಮೂರು. ಒಂದು, ಬಳೆ ಹತ್ತಿರದವನಿಗೆ ಬೀಳಬಾರದು, ಮೊದಲು ಇಳಿಯುವವನಿಗೆ ಬೀಳಬೇಕು. ಪಟ್ಟಿ ಎಷ್ಟು ಉಳಿದಿದೆ ಎಂದಷ್ಟೇ ನೋಡಬೇಡಿ, ಎಷ್ಟು ಬೇಗ ಇಳಿಯುತ್ತಿದೆ ನೋಡಿ. ಎರಡು, ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಸಾಲು ಕದಲಬಾರದು. "ಟಿಕೆಟ್ ಹರಿಯುವಾಗ ಯಾರೂ ಸೀಟು ಬದಲಾಯಿಸಬಾರ್ದು ಸಾರ್. ನನ್ನ ಕೈ ನಿಧಾನ." ಮೂರನೆಯದನ್ನು ಹೇಳುವಾಗ ಐದನೇ ಲೋಟವನ್ನು ಎತ್ತಿ ಕೊಣಮಿಗೆಯ ಆಚೆ ಇಟ್ಟರು. ಅದು ಅವರದೇ ಲೋಟ. ಸಾಲಿನಲ್ಲಿ ಹೀಲರ್ ಇರಬಾರದು, ಅವನನ್ನು ಬಿಟ್ಟುಬಿಡಿ.

ಮೂರನೆಯದಕ್ಕೆ ಸೊಕ್ಕೆ ಜಗಳ ತೆಗೆದ. "ಅಣ್ಣ, ಹೀಲರ್ ಸತ್ರೆ ಎಲ್ಲರೂ ಸತ್ತಂಗೆ. ನಿನ್ನ ಜೀವ ನೀನು ತುಂಬ್ಕೋಬೇಕಪ್ಪ."

"ಕಂಡಕ್ಟರ್‌ಗೆ ಯಾರಪ್ಪ ಟಿಕೆಟ್ ಹರೀತಾರೆ? ಸಾಲಿನಾಗೆ ನಾನಿದ್ರೆ ಬಳೆ ನನ್ನ ಕಾಲಿಗೇ ಬಂದು ಕೂರ್ತೈತೆ. ನನ್ನದು ದಿನಾ ಇಳೀತಾನೇ ಐತೆ. ಅದನ್ನ ದಾಟಾಕೆ ಒಂದು ಒತ್ತು ದಂಡ. ಆ ಒತ್ತಿನಾಗೆ ನೀನು ಉಳೀತೀಯ."

ನಾನೂ ಬೇಡ ಅಂದೆ. "ನೀನು ಎಂಟನೇ ಕ್ಲಾಸು, ಸುಮ್ನಿರು," ಎಂದರು.

ಆಟದವರಿಂದ ಒಂದು ಸಾಲಿನ ಉತ್ತರ ಬಂತು, ಗಮನಿಸುತ್ತೇವೆ ಎಂದು. ಎಲ್ಲಿಯವರೋ, ಕಂಟ್ರೋಲರಿನಲ್ಲಿ ಆಡುವವರು, ಕೈಯಿಲ್ಲದವರು, ಕೈ ನಡುಗುವವರು, ವಿಡಿಯೋ ಕೆಳಗೆ ನಮಗೂ ಬೇಕು ಎಂದು ಬರೆದರು. ದೀಪಾವಳಿ ಬಂತು, ಹೋಯಿತು. ಸೂಳೆಕೆರೆಯವನು ಹೊಸ ಹೀಲರ್ ಹುಡುಕಲಿಲ್ಲ. ಸೊಕ್ಕೆ ಫೋನಿನಲ್ಲಿ ಗೋಗರೆದು ತಡೆದಿದ್ದಾನೆ ಎಂದು ಆಮೇಲೆ ತಿಳಿಯಿತು. ಗುಂಪು ಸುಮ್ಮನೆ ಸೋಲುತ್ತಿತ್ತು. ಒಬ್ಬೊಬ್ಬರೇ ಮಾತು ಕಡಿಮೆ ಮಾಡಿದ್ದರು.

ಯುಗಾದಿ ಹೊತ್ತಿಗೆ ಆಟದ ಹೊಸ ಆವೃತ್ತಿ ಬಂತು. ಕಂಟ್ರೋಲರಿನವರಿಗೆಂದು ಗುರಿ ಆರಿಸುವ ಕ್ರಮವನ್ನೇ ಬದಲಿಸಿದ್ದರು. ಬೇಗ ಬೀಳುವವರು ಮೊದಲು. ಒತ್ತಿ ಹಿಡಿದರೆ ಸಾಲು ಗಟ್ಟಿ. ಕೊನೆಯಲ್ಲಿ ಒಂದು ಚೌಕ, ಬೇಕಾದವರು ಟಿಕ್ ಹಾಕಿಕೊಳ್ಳಲಿ: ಸಾಲಿನಿಂದ ನನ್ನನ್ನು ಬಿಡು. ನಮ್ಮ ಲೋಟಗಳಿಂದ ಆಯಿತೋ, ಎಲ್ಲರೂ ಕೇಳಿದ್ದರಿಂದ ಆಯಿತೋ ನನಗೆ ತಿಳಿಯದು. ನಾನಂತೂ ಅಂಗಡಿಗೆ ಬಂದವರಿಗೆಲ್ಲ ನಮ್ಮಿಂದಲೇ ಆಯಿತು ಎಂದೇ ಹೇಳಿದೆ, ಈಗಲೂ ಹೇಳುತ್ತೇನೆ.

ಆ ಸಂಜೆ ಸೊಕ್ಕೆ ಸಾಯಲಿಲ್ಲ. ಅವನ ಪಟ್ಟಿ ಸರ್ರನೆ ಇಳಿಯಿತು, ಅಣ್ಣ ಗುಂಡಿ ಒತ್ತಿ ಹಿಡಿದರು, ಬಳೆ ಒಂದೇ ಏಟಿಗೆ ದೂರದ ಸೊಕ್ಕೆಯ ಕಾಲಡಿ ಬಿತ್ತು. ಮೈಕಿನಲ್ಲಿ ಸೂಳೆಕೆರೆ ಹೇಳಿದ: "ಅಣ್ಣ, ಸೀಟು ನಿಮ್ದೇ."

"ನಾನು ಕೂರಲ್ಲಪ್ಪ," ಎಂದರು ಅಣ್ಣ.

ಅಷ್ಟು ಹೊತ್ತಿಗೆ ಎಡಗೈ ಪೂರ್ತಿ ಹೋಗಿತ್ತು. ಕಾಲೂ ಹೋಗಿತ್ತು. ಮೂಗು ಬಾಯಿ ಮುಚ್ಚುವ ಮಾಸ್ಕು, ಗಾಳಿ ತಳ್ಳುವ ಸಣ್ಣ ಮೆಷಿನ್ನು ಮನೆಗೆ ಬಂದಿದ್ದವು. ಸಂಜೆಯಾದರೆ ಮಾಸ್ಕು ತೆಗೆಸುತ್ತಿದ್ದರು, ಮಾಸ್ಕಿನೊಳಗಿನಿಂದ ಕೂಗಿದರೆ ಯಾರಿಗೂ ಕೇಳುವುದಿಲ್ಲವೆಂದು. ತುಟಿ ನೀಲಿಗಟ್ಟುವ ತನಕ ಆಡುತ್ತಿದ್ದರು. ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದು ಬೈದರು: "ನೀನೇ ತಂದು ಹಚ್ಚಿದ್ದು. ನೀನೇ ಏನಾದ್ರೂ ಮಾಡು." ನಾನು ಹಳೆಯ ಇಯರ್‌ಫೋನಿನ ಮೈಕು ಬಿಚ್ಚಿ ಮಾಸ್ಕಿನ ಒಳಗೆ ಕೂರಿಸಿದೆ. ಕೆಲಸ ಮಾಡಿತು.

"ಅಣ್ಣ, ಗಡಿಗೆ ಒಳಗೆ ಕೂತು ಮಾತಾಡ್ತಿದೀಯೇನು?" ಎಂದು ಸೊಕ್ಕೆ ನಕ್ಕ.

"ಹೂಂ ಕಣಲೇ. ಬಾ, ಜಾಗ ಐತೆ."

ಅಕ್ಕನಿಗೆ ಆಟ ಅರ್ಥವಾಗದು ಎಂದುಕೊಂಡಿದ್ದೆವು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಒಂದು ದಿನ ಅಂಗಡಿಗೇ ಬಂದರು. "ತಮ್ಮ, ಅದೇನೋ ಟಿಕ್ ಐತಂತಲ್ಲ, ಅವನನ್ನ ಸಾಲಿನಿಂದ ಬಿಡೋದು. ಅದನ್ನ ತೆಗಿಸು. ಎಲ್ಲರನ್ನೂ ಉಳಿಸ್ತಾನೆ, ಕೊನೇಗೆ ಇವನೇ ಬಿದ್ದಿರ್ತಾನೆ. ದಿನಾ ಸಂಜೆ ನೋಡಾಕಾಗಲ್ಲ. ಆಟದಾಗಾದ್ರೂ ಬೇಡ."

ನಾನು ಹೋಗಿ ಕೇಳಿದೆ. ಕಣ್ಣು ಟಿ.ವಿ.ಯಿಂದ ತೆಗೆಯದೆ ಹೇಳಿದರು: "ನಾನು ಟಿಕೆಟ್ ತಗೊಂಡ್ರೆ ಚೆಕಿಂಗ್‌ನೋರು ನಗ್ತಾರೆ." ಸ್ವಲ್ಪ ಹೊತ್ತು ಮೆಷಿನ್ನು ಗಾಳಿ ತಳ್ಳಿತು. "ಅಕ್ಕನಿಗೆ ಆ ಹೊತ್ತಿಗೆ ಒಳಗಿರು ಅಂತ ಹೇಳು."

ಸರ್ಪ ಸತ್ತದ್ದು ಒಂದು ಭಾನುವಾರ ಮಧ್ಯಾಹ್ನ. ನಾನು ಅವರ ಮೊಣಕೈ ಕೆಳಗೆ ದಿಂಬು ಹಿಡಿದು ಕೂತಿದ್ದೆ. ಆಡುತ್ತಿದ್ದದ್ದು ಒಂದು ಹೆಬ್ಬೆರಳು. ಬಳೆ ಸೊಕ್ಕೆಗೆ, ಸೂಳೆಕೆರೆಗೆ, ಮತ್ತೆ ಸೊಕ್ಕೆಗೆ ಬಿತ್ತು. ಅಣ್ಣನ ವೇಷದ ಪಟ್ಟಿ ಇಳಿಯುತ್ತಿದ್ದುದನ್ನು ನಾನು ನೋಡಿದೆ, ಅವರೂ ನೋಡಿದರು. ಟಿಕ್ ಹಾಕಿದ್ದರಿಂದ ಬಳೆ ಅಲ್ಲಿಗೆ ಬರಲಿಲ್ಲ. ಅವರ ವೇಷ ಮೊಣಕಾಲೂರಿ ಮುಖ ಅಡಿಯಾಗಿ ಬಿತ್ತು. ತುಂಬಿಸಿಟ್ಟ ಜೀವದ ಮೇಲೆ ಉಳಿದ ನಾಲ್ವರು ಸರ್ಪವನ್ನು ಮುಗಿಸಿದರು. ಟಿ.ವಿ.ಯಲ್ಲಿ ನಾಲ್ವರ ವೇಷಗಳೂ ಕುಣಿಯುತ್ತಿದ್ದವು, ಮೈಕಿನಲ್ಲಿ ಸೊಕ್ಕೆ ಅಳುತ್ತಿದ್ದ. ಅಣ್ಣ ಬಿದ್ದಲ್ಲಿಂದಲೇ ಗಡಿಗೆಯ ದನಿಯಲ್ಲಿ ಕೂಗಿದರು: "ಇಳೀರಿ, ಇಳೀರಿ, ಎಲ್ಲಾ ಇಳೀರಿ. ಲಾಸ್ಟ್ ಸ್ಟಾಪು."

ಆ ಮೇಲೆ ಹೆಚ್ಚು ದಿನ ಇರಲಿಲ್ಲ. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಉಸಿರು ತೀರಾ ಕಟ್ಟಿತು. ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಹೊರಟೆವು, ಅವರ ಬಸ್ಸು ಓಡಾಡಿದ ಅದೇ ದಾರಿ. ಕಿಟಕಿಯಲ್ಲಿ ಊರುಗಳು ಹೋಗುತ್ತಿದ್ದವು. ಸವಳಂಗ ಬರುವ ಮೊದಲೇ ಹೋಗಿಬಿಟ್ಟರು. ಅಕ್ಕ ಅವರ ಕೈ ಹಿಡಿದಿದ್ದರು, ಚಾಲಕ ಇನ್ನೂ ಸೈರನ್ ಹಾಕಿಕೊಂಡು ಓಡಿಸುತ್ತಿದ್ದ. ಗಾಡಿ ತಿರುಗಿಸಪ್ಪ ಎಂದು ನಾನೇ ಹೇಳಬೇಕಾಯಿತು.

ಗುಂಪಿನವರಿಗೆ ಫೋನಿನಲ್ಲಿ ತಿಳಿಸಿದ್ದೆ. ಮಧ್ಯಾಹ್ನ ಅಂಗಡಿಯ ಮುಂದೆ ಮಳೆಯಲ್ಲಿ ನೆನೆದ ಇಬ್ಬರು ನಿಂತಿದ್ದರು. ಒಬ್ಬ ಬೈಕಿನಲ್ಲಿ ಬಂದ ಗಟ್ಟಿಮುಟ್ಟಾದ ಆಸಾಮಿ, ಒಬ್ಬ ಬಸ್ಸಿಳಿದು ಬಂದ ಸಣಕಲ ಹುಡುಗ. ಒಬ್ಬರಿಗೊಬ್ಬರು ಗುರುತಿಲ್ಲದವರಂತೆ ಬೇರೆ ಬೇರೆ ನಿಂತಿದ್ದರು. ಹುಡುಗ ನನ್ನನ್ನು, "ಕಂಡಕ್ಟರಣ್ಣನ ಮನೆ ಯಾವ ಕಡೆ ಬರ್ತೈತ್ರಿ?" ಎಂದು ಕೇಳಿದ. ದನಿ ಕೇಳಿದ್ದೇ ಬೈಕಿನವನು ತಿರುಗಿ ನೋಡಿದ.

"ನೀನು ಸೊಕ್ಕೆಯೋನಾ?"

ಹುಡುಗ ತಲೆಯಾಡಿಸಿದ. ನಾನು ಮುಂದೆ ನಡೆದೆ.

ಅಕ್ಕ ಇವರ್ಯಾರು ಎಂದು ಕಣ್ಣಲ್ಲೇ ಕೇಳಿದರು. ಊರಿನ ಹೆಸರು ಹೇಳಿದೆ. "ನೀವಾ?" ಎಂದರು ಅಕ್ಕ. ಒಬ್ಬೊಬ್ಬರ ಮುಖವನ್ನೂ ನಿಂತು ನೋಡಿದರು. "ಮುಂದೆ ಬರ್ರಿ. ಅವನೂ ನಿಮ್ಮ ಮುಖ ನೋಡಿರಲಿಲ್ಲ."

ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು. ಖಾಲಿ ಬಸ್ಸಿನಲ್ಲೂ ಕೂರದವರನ್ನು.

ಗುಂಪು ಕೆಲವು ವಾರ ನಾಲ್ವರೇ ಆಡಿತು, ಸೋತಿತು. ಆಮೇಲೆ ಸೂಳೆಕೆರೆಯವನು ಫೋನು ಮಾಡಿದ. "ಹೊನ್ನಾಳಿ ಕಡೆಯೋರೊಬ್ರು ಬಂದಾರಣ್ಣ, ಹೀಲರ್. ಕೀಬೋರ್ಡಿನಾಗೆ ಆಡ್ತಾರೆ. ನಿಮಗೆ ಹೇಳದೆ ತಗೋಬಾರ್ದು ಅನ್ನಿಸ್ತು." ತಗೊಳ್ರಿ ಅಂದೆ. ಫೋನು ಇಟ್ಟ ಮೇಲೆ ಬಹಳ ಹೊತ್ತು ಸಿಟ್ಟಿತ್ತು, ಯಾರ ಮೇಲೆ ಎಂದು ನನಗೂ ಸರಿಯಾಗಿ ತಿಳಿಯಲಿಲ್ಲ. ಆಟದಲ್ಲಿ ಆ ಚೌಕ ಇನ್ನೂ ಇದೆ. ಗೊತ್ತಿಲ್ಲದ ಊರುಗಳಲ್ಲಿ ಯಾರ್ಯಾರೋ ಅದಕ್ಕೆ ಟಿಕ್ ಹಾಕಿಕೊಂಡು ಆಡುತ್ತಿರಬಹುದು.

ಈಗ ನನ್ನಲ್ಲಿರುವುದು ಇಷ್ಟು. ಬಸ್ ನಿಲ್ದಾಣದ ಎದುರು ಬಾಡಿಗೆ ಅಂಗಡಿ ಒಂದು. ಸೋಲ್ಡರಿಂಗ್ ಐರನ್ ಎರಡು. ರಿಪೇರಿಗೆ ಬಂದು ಕೂತಿರುವ ಫೋನು ಒಂಬತ್ತು, ಮಿಕ್ಸಿ ಮೂರು. ಅಕ್ಕ ಕಳಿಸುವ ರೊಟ್ಟಿ ದಿನಕ್ಕೆ ನಾಲ್ಕು. ಮರದ ಒರಗಿನ ಕಂಟ್ರೋಲರ್ ಒಂದು, ಮಾರಾಟಕ್ಕಿಲ್ಲ. ಸ್ಟೂಲು ಒಂದು. ನನ್ನನ್ನು ಎಂಟನೇ ಕ್ಲಾಸು ಎನ್ನುವವರು, ಒಬ್ಬರೂ ಇಲ್ಲ.